ದಿನಕ್ಕೆ ಐದು ವಾಕ್ಯ

ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಹೆಬ್ಬೆರಳಿನಿಂದ ತಡಕುತ್ತ ಚುಕ್ಕಿ ಬಾಗಿಲ ಹತ್ತಿರ ನಿಂತಿದ್ದಳು. ಅವಳ ನೋಟ್‌ಬುಕ್ ಭಾವನ ಕೈಯಲ್ಲಿತ್ತು. ಐದು ಇಂಗ್ಲಿಷ್ ವಾಕ್ಯಗಳ ಕೆಳಗೆ ಅವಳೇ ಒಂದು ಗೆರೆ ಎಳೆದು, ಪಕ್ಕದಲ್ಲಿ ‘ಮನೆಯವರ ಸಹಿ’ ಎಂದು ಬರೆದಿದ್ದಳು. ಭಾವ ಪೆನ್ನಿನ ಮುಚ್ಚಳ ತೆಗೆದರು. ಗೆರೆ ನೋಡಿದರು. ಆಮೇಲೆ ಗೆರೆಯ ಮೇಲಿನ ವಾಕ್ಯಗಳನ್ನು ಓದಿದರು. ಓದಿ, ಮುಚ್ಚಳವನ್ನು ಮತ್ತೆ ಹಾಕಿದರು.

“ಸುಮ್ನೆ ಒಂದು ಸಹಿ ಭಾವ, ಅಷ್ಟೇ,” ಎಂದಳು ಚುಕ್ಕಿ.

“ಓದದೆ ಸಹಿ ಹಾಕಿ ಅಭ್ಯಾಸ ಇಲ್ಲ ನಂಗೆ.”

ಅದು ನಿಜವೇ. ಭಾವ ಬಸ್ ಡಿಪೋದಲ್ಲಿ ಸಮಯ ಬರೆಯುವವರು. ಯಾವ ಬಸ್ಸು ಎಷ್ಟು ಗಂಟೆಗೆ ಹೊರಟಿತು, ಎಷ್ಟಕ್ಕೆ ಬಂತು, ತಡವಾದರೆ ಯಾಕೆ, ಎಲ್ಲವನ್ನೂ ಓದಿ ನೋಡಿಯೇ ಅವರು ಸಹಿ ಹಾಕುವುದು. ಇಪ್ಪತ್ತು ವರ್ಷ ಆ ಇಂಗ್ಲಿಷ್ ನಮೂನೆಗಳ ಜೊತೆಗೇ ಕಳೆದಿದ್ದರಿಂದ ಮಾತಾಡಲು ಬಾರದಿದ್ದರೂ ಓದಿದ್ದು ತಿಳಿಯುತ್ತಿತ್ತು. ಅವರು ಹಾಳೆಯನ್ನು ಹಿಂದಕ್ಕೆ ಮಗುಚಿದರು. ಇನ್ನೊಂದು ಹಾಳೆ. ಮತ್ತೊಂದು. ಮೊದಲ ಪುಟದವರೆಗೂ ಹಿಂದೆ ಹೋಗಿ, ಅಲ್ಲಿಂದ ನಿಧಾನವಾಗಿ ಮುಂದೆ ಬಂದರು. ಅಷ್ಟು ಹೊತ್ತೂ ಚುಕ್ಕಿಗೆ ಇನ್ನೊಂದು ಚಪ್ಪಲಿ ಸಿಗಲಿಲ್ಲ.

ಕೊನೆಗೆ ಭಾವ ಸಹಿ ಹಾಕಿದರು. ಪಕ್ಕದಲ್ಲಿ ತಾರೀಖು, ಅದರ ಕೆಳಗೆ ಡಿಪೋ ಅಭ್ಯಾಸದಂತೆ ಸಮಯ: ಆರು ಹನ್ನೆರಡು.

“ತಡ ಆಗ್ತಿದೆ, ಹೊರಡು,” ಎಂದರು. ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು, ಯಾರದೋ ಮನೆಯ ಗಾಜಿನ ಪಾತ್ರೆ ಹಿಂದಿರುಗಿಸುವವರ ಹಾಗೆ.

ಎಲ್ಲಾ ಸುಳ್ಳು ಭಾವ, ಕ್ಲಾಸಿಗೋಸ್ಕರ ಕಟ್ಟಿದ್ದು ಎಂದು ಹೇಳಬೇಕಿತ್ತು. ಐದೇ ಪದದ ಮಾತು. ಮೆಟ್ಟಿಲು ಇಳಿಯುವಾಗ ಅದನ್ನು ಮೂರು ಸಲ ಹೇಳಿಕೊಂಡಳು, ಸರಾಗವಾಗಿ ಬಂತು. ತಿರುಗಿ ಮೇಲೆ ಹತ್ತಿ ಹೇಳುವಷ್ಟು ಧೈರ್ಯ ಮಾತ್ರ ಬರಲಿಲ್ಲ.

*

ಚುಕ್ಕಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಒಳಕೋಣೆಯ ಕೆಲಸದವಳು. ಬೆಳಗಿನಿಂದ ಸಂಜೆಯವರೆಗೆ ಗಾಜಿನ ಕೊಳವೆಗಳಿಗೆ ಹೆಸರಿನ ಚೀಟಿ ಅಂಟಿಸಬೇಕು. ಪದವಿ ಇತ್ತು, ಇಂಗ್ಲಿಷಿನಲ್ಲಿ ಒಳ್ಳೆಯ ಅಂಕವೂ ಇತ್ತು. ಆ ಇಂಗ್ಲಿಷೆಲ್ಲ ಕಣ್ಣಿನಲ್ಲಿತ್ತೇ ಹೊರತು ನಾಲಿಗೆಯಲ್ಲಿರಲಿಲ್ಲ. ಫೋನಿನ ಮೇಜಿಗೆ ಒಬ್ಬರು ಬೇಕು, ತಿಂಗಳ ಕೊನೆಗೆ ಮಾತಾಡಿಸಿ ನೋಡುತ್ತೇನೆ ಎಂದು ಲ್ಯಾಬಿನ ಯಜಮಾನಿ ಹೇಳಿದ್ದರು. ಒಂದು ದಿನ ಪ್ರಯೋಗಕ್ಕೆಂದು ಚುಕ್ಕಿ ಫೋನು ಎತ್ತಿದಾಗ ಆಚೆ ಕಡೆಯ ಡಾಕ್ಟರು ‘ಹೋಲ್ಡ್ ಆನ್’ ಅಂದರು, ‘ಪುಟ್ ಮಿ ಥ್ರೂ’ ಅಂದರು, ‘ಕಾಲ್ ಬ್ಯಾಕ್’ ಅಂದರು, ಇಟ್ಟುಬಿಟ್ಟರು. ಒಂದೊಂದೂ ಅವಳು ಒಂದನೇ ಕ್ಲಾಸಿನಿಂದ ಕಂಡ ಪದವೇ. ಎರಡೆರಡು ಕೂಡಿಕೊಂಡಾಗ ಗುರುತು ಸಿಗಲಿಲ್ಲ.

ಹಾಗೆ ಅವಳು ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಡೆಯುವ ಸಂಜೆ ಕ್ಲಾಸಿಗೆ ಸೇರಿದ್ದು. ಪಾಠ ಹೇಳುವವರು ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ಎಲ್ಲರ ಬಾಯಲ್ಲೂ ಎಕ್ಸ್‌ಚೇಂಜ್ ಮೇಡಂ. ಅವರ ಪದ್ಧತಿಯೇ ಬೇರೆ. ದಿನಕ್ಕೆ ಐದು ಜೋಡಿಪದ ಕೊಡುತ್ತಿದ್ದರು. ಒಂದೊಂದಕ್ಕೆ ಒಂದೊಂದು ವಾಕ್ಯ ಬರೆದು, ಮರುದಿನ ಎದ್ದುನಿಂತು ಗಟ್ಟಿಯಾಗಿ ಓದಬೇಕು. ವಾಕ್ಯ ಪುಸ್ತಕದ್ದಾಗಿರಬಾರದು, ಸ್ವಂತ ಮನೆಯಲ್ಲಿ ನಡೆದದ್ದಾಗಿರಬೇಕು. ಜೊತೆಗೆ ಮನೆಯವರ ಸಹಿ. ಸಹಿ ಇಲ್ಲದಿದ್ದರೆ ಓದುವ ಹಾಗಿಲ್ಲ.

“ಮಕ್ಕಳಾದ್ರೆ ನಂಬಬಹುದು,” ಎನ್ನುತ್ತಿದ್ದರು ಮೇಡಂ. “ದೊಡ್ಡವರು ಬಸ್ಸಿನಲ್ಲಿ ಕೂತು ಬರ್ಕೊಂಡು ಬಂದ್ಬಿಡ್ತೀರಿ.”

ಆ ಜೋಡಿಪದಗಳು ಚುಕ್ಕಿಯ ತಲೆ ಕೆಡಿಸಿದವು. ‘ಪುಟ್’ ಅಂದರೆ ಇಡು. ಸರಿ. ಅದರ ಪಕ್ಕದಲ್ಲಿ ‘ಆನ್’ ಬಂದು ನಿಂತರೆ ತೊಡುವುದು, ‘ಆಫ್’ ಬಂದರೆ ಮುಂದಕ್ಕೆ ಹಾಕುವುದು, ‘ಔಟ್’ ಬಂದರೆ ಆರಿಸುವುದು, ‘ಅಪ್’ ಮತ್ತು ‘ವಿತ್’ ಇಬ್ಬರೂ ಬಂದರೆ ಸಹಿಸಿಕೊಳ್ಳುವುದು. ಇದನ್ನು ಅಕ್ಕನ ಹತ್ತಿರ ಹೇಳಿಕೊಂಡು ಅಳುವ ಹಾಗಾಗಿದ್ದಳು.

ಅಕ್ಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮನೆಯಲ್ಲೇ ಕುಳಿತು ಜನರ ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿದುಕೊಡುವುದು ಅವಳ ಕೆಲಸ. ಹಲ್ಲಿನಲ್ಲಿ ಕಚ್ಚಿದ್ದ ಗುಂಡುಪಿನ್ನನ್ನು ತೆಗೆದು ನಕ್ಕಿದ್ದಳು. “ಅಯ್ಯೋ ಪೆದ್ದಿ, ನಮ್ಮಲ್ಲಿಲ್ವೇನೇ ಅದು? ಕೈಕೊಟ್ಟ ಅಂದ್ರೆ ಕೈ ಕತ್ತರಿಸಿ ಕೊಟ್ಟ ಅಂತಾನಾ? ಕೈಬಿಟ್ಟ, ಕೈಹಿಡಿದ, ಕೈಯೆತ್ತಿಬಿಟ್ಟ. ಕೈ ಒಂದೇ. ಏನು ಮಾಡ್ತು ಅನ್ನೋದು ಬೇರೆ. ತಲೆ ಕೆಡಿಸ್ಕೋಬೇಡ, ಕೊಡಿಲ್ಲಿ.” ಹಾಗೆ ಹೇಳಿ ನೋಟ್‌ಬುಕ್ ಎಳೆದುಕೊಂಡು ಸಹಿ ಹಾಕಿದ್ದಳು. ಓದಲು ಬಾರದ ಪುಟದ ಕೆಳಗೆ ಪ್ರತಿ ಸಂಜೆ ಗಂಭೀರವಾಗಿ ಸಹಿ ಹಾಕುವುದೆಂದರೆ ಅವಳಿಗೆ ಖುಷಿ. ಮಗಳ ಪರೀಕ್ಷೆಯ ಕಾಗದಕ್ಕೆ ಸಹಿ ಹಾಕುವ ತಾಯಿಯ ಹಾಗೆ ಮುಖ ಮಾಡಿಕೊಳ್ಳುತ್ತಿದ್ದಳು.

ಮೊದಲ ವಾರ ಚುಕ್ಕಿ ನಿಜವನ್ನೇ ಬರೆದಳು. ಅಕ್ಕ ದೀಪ ಹಾಕಿದಳು. ಅಕ್ಕ ದೀಪ ಆರಿಸಿದಳು. ಭಾವ ಬೆಳಿಗ್ಗೆ ಎದ್ದರು. ಓದಿ ಮುಗಿಸಿದಾಗ ಮೇಡಂ ಕನ್ನಡಕದ ಮೇಲಿನಿಂದ ನೋಡಿದರು.

“ನಿಮ್ಮನೇಲಿ ಏನೂ ನಡೆಯೋದೇ ಇಲ್ವೇನಮ್ಮಾ?”

ಹಿಂದಿನ ಬೆಂಚಿನ ಎಲೆಕ್ಟ್ರಿಷಿಯನ್ ಕಿಸಕ್ಕೆಂದ. ಅವನ ಮನೆಯಲ್ಲಿ ದಿನಾ ಏನಾದರೊಂದು ಸ್ಫೋಟವಾಗುತ್ತಿತ್ತು. ಹೆಂಡತಿ ತವರಿಗೆ ಹೊರಡುತ್ತಿದ್ದಳು, ಮಾವ ಕರೆದುಕೊಂಡು ಬಂದು ಬಿಡುತ್ತಿದ್ದರು. ಚುಕ್ಕಿಯ ಕಿವಿ ಬಿಸಿಯಾಯಿತು. ಮರುದಿನದ ಪಟ್ಟಿಯಲ್ಲಿ ‘ಮೇಕ್ ಅಪ್’ ಇತ್ತು, ‘ಮೂವ್ ಔಟ್’ ಇತ್ತು, ‘ಫೈಂಡ್ ಔಟ್’ ಇತ್ತು. ಈ ಜೋಡಿಪದಗಳಲ್ಲಿ ಅರ್ಧಕ್ಕರ್ಧ ಬಿಟ್ಟುಹೋಗುವುದೇ, ಮುರಿಯುವುದೇ, ಬಚ್ಚಿಡುವುದೇ ಎಂದು ಅವಳಿಗೆ ಅನ್ನಿಸಿತ್ತು. ದೀಪ ಹಾಕಿ ಆರಿಸುವ ಮನೆಯಲ್ಲಿ ಇವನ್ನೆಲ್ಲ ಎಲ್ಲಿಡುವುದು?

ಅವಳು ಬರೆದಳು. ನನ್ನ ಅಕ್ಕ ಮನಸ್ಸು ಮೇಕ್ ಅಪ್ ಮಾಡಿಬಿಟ್ಟಿದ್ದಾಳೆ. ಅವಳು ಈ ಮನೆಯಿಂದ ಮೂವ್ ಔಟ್ ಆಗುತ್ತಾಳೆ. ನನ್ನ ಭಾವ ಇನ್ನೂ ಫೈಂಡ್ ಔಟ್ ಮಾಡಿಲ್ಲ.

ಕ್ಲಾಸಿನಲ್ಲಿ ಎದ್ದುನಿಂತು ಓದಿದಳು. ಎಲೆಕ್ಟ್ರಿಷಿಯನ್ ನಗಲಿಲ್ಲ. ಮೇಡಂ, “ಹೂಂ, ಈಗ ಸರಿ,” ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿದರು. ಅಷ್ಟು ಜನ ತನ್ನ ಮಾತನ್ನು ಬಾಯಿ ಮುಚ್ಚಿಕೊಂಡು ಕೇಳಿದ್ದು ಚುಕ್ಕಿಯ ಜೀವಮಾನದಲ್ಲಿ ಅದೇ ಮೊದಲು. ಅಲ್ಲಿಂದ ನಿಲ್ಲಲಾಗಲಿಲ್ಲ. ದಿನಕ್ಕೆ ಐದು ವಾಕ್ಯ. ಅಕ್ಕ ಮೂರನೇ ಮಹಡಿಯಲ್ಲಿ ಒಂದು ಕೋಣೆ ನೋಡಿ ಬಂದಳು. ಕಿಟಕಿ ದೊಡ್ಡದು, ಪರದೆ ಇಲ್ಲ. ಹೊಲಿಗೆ ಯಂತ್ರವೊಂದನ್ನು ಬಿಟ್ಟು ಇನ್ನೇನನ್ನೂ ತೆಗೆದುಕೊಂಡು ಹೋಗುವುದಿಲ್ಲ. ಹೇಳುವ ದಿನವನ್ನು ಪುಟ್ ಆಫ್ ಮಾಡುತ್ತಲೇ ಇದ್ದಾಳೆ. ಭಾವ ಮನೆಗೆ ಬಂದ ಮೇಲೆ ಅಕ್ಕ ಯಂತ್ರವನ್ನು ಓಡಿಸುತ್ತ ಕೀಪ್ ಆನ್ ಮಾಡುತ್ತಾಳೆ, ಸೂಜಿಯ ಕೆಳಗೆ ಬಟ್ಟೆ ಇಲ್ಲದಿದ್ದರೂ. ಸದ್ದಿದ್ದರೆ ಮಾತು ಬೇಕಾಗುವುದಿಲ್ಲ.

“ಅಕ್ಕ ಇವತ್ತೇನು ಮಾಡಿದ್ರು?” ಎಂದು ಎಲೆಕ್ಟ್ರಿಷಿಯನ್ ಮೆಟ್ಟಿಲಲ್ಲೇ ಕೇಳುವಷ್ಟು ದೂರ ಹೋಗಿತ್ತು. “ಸ್ವಲ್ಪ ಮುಂಚೆ ಹೇಳಿ, ಒಳಗೆ ಯಾರಿಗೂ ಹೇಳಲ್ಲ.”

ಪ್ರತಿ ಪುಟದ ಕೆಳಗೂ ಅಕ್ಕನ ದುಂಡನೆಯ ಸಹಿ ಇತ್ತು. ಭಾವ ಮೊದಲ ಸಲ ಸಹಿ ಹಾಕಿದ ಆ ಸಂಜೆ ಅವಳು ಯಾರದೋ ಫ್ಲಾಟಿಗೆ ಪರದೆ ತೂಗುಹಾಕಲು ಹೋಗಿರದಿದ್ದರೆ, ಭಾವನ ಪಾಳಿ ಬದಲಾಗಿರದಿದ್ದರೆ, ಆ ಪುಟದ ಕೆಳಗೂ ಅದೇ ಇರುತ್ತಿತ್ತು.

*

ಭಾವ ಆ ರಾತ್ರಿ ಎಂದಿನಂತೆ ಉಂಡು ಮಲಗಿದರು. ಮರುದಿನದ ಸಹಿ ಅಕ್ಕನದೇ. ಆದರೆ ಮೂರನೆಯ ದಿನ, ಅಕ್ಕ ಪೆನ್ನಿಗೆ ಕೈ ಚಾಚಿದಾಗ, “ಇನ್ಮೇಲೆ ನಾನೇ ಹಾಕ್ತೀನಿ ಬಿಡು,” ಎಂದರು.

“ಅದ್ಯಾಕೆ? ನನ್ನ ಸಹಿಗೇನಾಗಿದೆ?”

“ಏನಾಗಿಲ್ಲ. ನಂಗೂ ಸ್ವಲ್ಪ ಇಂಗ್ಲಿಷ್ ಬೇಕು, ಡಿಪೋದಲ್ಲಿ.”

ಅಂದಿನಿಂದ ಮನೆಯಲ್ಲಿ ಎಲ್ಲ ಒಂದು ಗೇಣು ಆಚೀಚೆ ಆದ ಹಾಗಿತ್ತು. ಭಾವ ಪಾಳಿ ಮುಗಿದ ತಕ್ಷಣ ಬರತೊಡಗಿದರು. ಬಟ್ಟೆಯ ಸುರುಳಿಗಳನ್ನು ತಾವೇ ಮೇಲೆ ಹೊತ್ತು ತಂದರು. ಹೊಲಿಗೆ ಮೇಜಿನ ಮೇಲಿನ ಮಿಣುಕುವ ದೀಪ ಬದಲಿಸಿದರು. ಇಷ್ಟು ವರ್ಷ ಪೇಪರು ಓದುತ್ತ ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದವರು ಕುರ್ಚಿಯನ್ನು ಯಂತ್ರದ ಕಡೆ ತಿರುಗಿಸಿಕೊಂಡರು. “ಇದು ಯಾರ ಮನೆಗೆ?” ಎಂದು ಕೇಳುತ್ತಿದ್ದರು. “ಇಷ್ಟುದ್ದ ಯಾಕೆ?” ಎಂದು ಕೇಳುತ್ತಿದ್ದರು. ಒಂದು ಸಂಜೆ ಎದ್ದು ಬಂದು ಸೂಜಿಯ ಕೆಳಗೆ ಬಗ್ಗಿ ನೋಡಿದರು.

“ಏನ್ರೀ?”

“ಏನಿಲ್ಲ. ಬಟ್ಟೆ ನೋಡ್ದೆ.”

ಚುಕ್ಕಿ ಚಹಾದ ಲೋಟವನ್ನು ಅಲ್ಲೇ ಇಟ್ಟು ಒಳಗೆ ನಡೆದಳು.

“ನಿಮ್ ಭಾವಂಗೆ ಏನಾಗಿದ್ಯೇ?” ಅಕ್ಕ ಅಡಿಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಕೇಳಿದಳು. “ನಿನ್ನೆ ಪಾತ್ರೆ ತೊಳ್ದಿಟ್ಟಿದ್ದಾರೆ. ಹದಿನಾಲ್ಕು ವರ್ಷದಲ್ಲಿ ಅವರಿಗೆ ಸೋಪು ಎಲ್ಲಿದೆ ಅಂತ ಗೊತ್ತಾಗಿದ್ದು ನಿನ್ನೆ. ಡಿಪೋದಲ್ಲಿ ಏನಾದ್ರೂ ಎಡವಟ್ಟು ಮಾಡ್ಕೊಂಡಿದ್ದಾರಾ?”

“ಗೊತ್ತಿಲ್ಲಕ್ಕ.”

“ಹೋಗ್ಲಿ ಬಿಡು, ತೊಳೀಲಿ. ಮೈ ಹುಷಾರಿಲ್ವೇನೋ ಅಂತ ಹಣೆ ಮುಟ್ಟಿ ನೋಡ್ದೆ. ಹಂಗೇ ಕೂತಿದ್ರು, ಕಣ್ಣು ಮುಚ್ಕೊಂಡು.” ಅಕ್ಕ ಚಾಕು ನಿಲ್ಲಿಸಿ ಒಂದು ಕ್ಷಣ ಹಲಗೆಯನ್ನೇ ನೋಡಿದಳು. ಆಮೇಲೆ ಮತ್ತೆ ಹೆಚ್ಚಿದಳು.

ಚುಕ್ಕಿಗೆ ನಿದ್ದೆ ಹಾರಿತು. ಇವರಿಬ್ಬರ ಮನೆಯಲ್ಲಿ ಅವಳಿಗೊಂದು ಮಂಚ, ಒಂದು ಕಪಾಟು. ಅಪ್ಪ ಅಮ್ಮ ಹೋದ ಮೇಲೆ ಭಾವ ಒಂದು ಮಾತೂ ಕೇಳದೆ ಅದನ್ನು ಮಾಡಿಕೊಟ್ಟಿದ್ದರು. ಈಗ ಹೇಳಿದರೆ ಏನಾಗುತ್ತದೆ? ಅಕ್ಕ ಹೋಗುವುದಿಲ್ಲ ಭಾವ, ಕೋಣೆ ಇಲ್ಲ, ಕಿಟಕಿ ಇಲ್ಲ. ಆಗ ಅವರು ನಿಟ್ಟುಸಿರು ಬಿಟ್ಟು ಕುರ್ಚಿಯನ್ನು ಮತ್ತೆ ಬಾಗಿಲ ಕಡೆ ತಿರುಗಿಸುತ್ತಾರೆಯೇ? ಅಥವಾ ಉಪ್ಪು ತಿಂದ ಮನೆಯ ಬಗ್ಗೆ ಹೀಗೆಲ್ಲ ಹತ್ತು ಜನರ ಮುಂದೆ ಓದಿದೆಯಾ ಎಂದು ಕೇಳುತ್ತಾರೆಯೇ? ಹೇಳದಿದ್ದರೆ ಒಂದು ದಿನ ಭಾವ ಅಕ್ಕನನ್ನೇ ಕೇಳುತ್ತಾರೆ, ಅಕ್ಕ ಏನೂ ಅರಿಯದೆ ಬೆಪ್ಪಾಗಿ ನಿಲ್ಲುತ್ತಾಳೆ, ಅವಳು ಇಲ್ಲ ಎಂದದ್ದನ್ನು ಭಾವ ನಂಬುವುದಿಲ್ಲ. ಎತ್ತ ತಿರುಗಿದರೂ ಅಕ್ಕನ ಮನೆಯೇ ಅಲುಗಾಡುತ್ತಿತ್ತು. ಅಲುಗಾಡಿಸಿದ್ದು ದಿನಕ್ಕೆ ಐದು ವಾಕ್ಯ, ಅದೂ ಕೆಂಪು ಶಾಯಿಯಲ್ಲಿ ‘ಗುಡ್’ ಎಂದು ಬರೆಸಿಕೊಂಡವು.

ವಾಕ್ಯಗಳಲ್ಲೇ ಸರಿಮಾಡುವ ದಾರಿ ಅವಳಿಗೆ ಹೊಳೆಯಿತು. ಅಕ್ಕ ಆ ಕೋಣೆಯನ್ನು ಬೇಡವೆಂದಳು ಎಂದು ಬರೆದಳು. ಮನೆಯ ಯಜಮಾನ ಸರಿಯಿಲ್ಲ, ನೀರಿಲ್ಲ. ಅಕ್ಕ ಈಗ ಸ್ವಲ್ಪ ಸಮಾಧಾನದಲ್ಲಿದ್ದಾಳೆ. ಕ್ಲಾಸಿನಲ್ಲಿ ಎಲೆಕ್ಟ್ರಿಷಿಯನ್ ತಲೆಗೆ ಕೈಕೊಟ್ಟು ಕುಳಿತ.

“ನೀರಿಲ್ಲ ಅಂತ ಬಿಟ್ಬಿಟ್ರಾ? ಪಂಪು ನಾನ್ ರಿಪೇರಿ ಮಾಡ್ಕೊಡ್ತಿದ್ದೆನಲ್ರೀ!”

ಮರುದಿನದ ಪಟ್ಟಿ ಮಾತ್ರ ಮತ್ತೆ ಅವಳ ಕೈ ಕಟ್ಟಿಹಾಕಿತು. ‘ಬ್ರೇಕ್ ಡೌನ್’, ‘ರನ್ ಔಟ್’, ‘ಗಿವ್ ಅಪ್’, ‘ಫಾಲ್ ಅಪಾರ್ಟ್’, ‘ಕ್ಯಾರಿ ಆನ್’. ಐದರಲ್ಲಿ ನಾಲ್ಕು ಕೆಡುವುದೇ. ಎಷ್ಟು ಪ್ರಯತ್ನಪಟ್ಟರೂ ಅವುಗಳಿಂದ ಒಂದು ಸುಖೀ ಮನೆ ಕಟ್ಟಲಾಗಲಿಲ್ಲ. ಲಿಫ್ಟು ಕೆಟ್ಟಿತು, ಹಾಲು ಮುಗಿಯಿತು, ಹಳೆಯ ಚೀಲದ ಹೊಲಿಗೆ ಬಿಟ್ಟಿತು ಎಂದೇನೋ ಬರೆದು ನೋಟ್‌ಬುಕ್ಕನ್ನು ಭಾವನ ಮುಂದೆ ಇಟ್ಟು ಒಳಗೆ ಓಡಿದಳು.

ಕ್ಲಾಸಿನಲ್ಲಿ ಎದ್ದುನಿಂತು ಓದಲು ತೆರೆದಾಗಲೇ ಅವಳು ಕಂಡದ್ದು. ಐದನೇ ವಾಕ್ಯದ ಕೆಳಗೆ ಪೆನ್ಸಿಲಿನಲ್ಲಿ, ಡಿಪೋ ರಿಜಿಸ್ಟರಿನ ಒತ್ತೊತ್ತಾದ ಅಕ್ಷರಗಳಲ್ಲಿ ಆರನೆಯದೊಂದಿತ್ತು. ನಾನು ಏನನ್ನು ಗಿವ್ ಅಪ್ ಮಾಡಬೇಕು ಅಂತ ದಯವಿಟ್ಟು ಅವಳನ್ನು ಕೇಳು. ಕೆಳಗೆ ಸಹಿ, ತಾರೀಖು, ಆರು ಹತ್ತು.

ಚುಕ್ಕಿ ಅದನ್ನು ಓದಲಿಲ್ಲ. ಆದರೆ ಮೇಡಂ ನೋಟ್‌ಬುಕ್ ಕೈಗೆ ತೆಗೆದುಕೊಂಡು ನೋಡಿದರು. ಪೆನ್ಸಿಲ್ ಸಾಲಿನ ಪಕ್ಕದಲ್ಲೂ ಕೆಂಪು ಗುರುತು ಹಾಕಿದರು.

“ಮನೆಯವರೂ ಕಲೀತಿದ್ದಾರಲ್ಲ, ಭೇಷ್. ಇಡೀ ಪುಟದಲ್ಲಿ ಒಂದೂ ತಪ್ಪಿಲ್ಲದ ವಾಕ್ಯ ಅದೊಂದೇ.”

*

ಆ ಭಾನುವಾರ ಸಂಜೆ ಭಾವ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಚುಕ್ಕಿ ಮೇಜಿನ ಮುಂದೆ ಕುಳಿತಿದ್ದಳು. ಅಕ್ಕ ಅಳತೆಯ ಟೇಪು ಹುಡುಕುತ್ತ ಬಂದು ನೋಟ್‌ಬುಕ್ಕನ್ನು ಎತ್ತಿದಳು, ಟೇಪು ಸಿಗಲಿಲ್ಲ, ಪುಟ ಕಂಡಿತು.

“ಇದು ಇವರ ಅಕ್ಷರ ಅಲ್ವಾ? ಏನ್ ಬರ್ದಿದ್ದಾರೆ?”

“ಏನಿಲ್ಲಕ್ಕ. ಪಾಠದ್ದು.”

“ಪೆನ್ಸಿಲಿನಲ್ಲಿ ಯಾಕೆ ಬರ್ದಿದ್ದಾರೆ? ಅಳಿಸಬಹುದು ಅಂತಾನಾ?” ಅಕ್ಕ ಅವಳ ಮುಖ ನೋಡಿದಳು. “ಚುಕ್ಕಿ. ಓದಿ ಹೇಳು.”

ನಾನು ಏನನ್ನು ಬಿಟ್ಟುಕೊಡಬೇಕು ಅಂತ ದಯವಿಟ್ಟು ಅವಳನ್ನು ಕೇಳು ಎಂದು ಓದಿ ಹೇಳಿದಳು. ಅದೊಂದನ್ನೇ ಹೇಳಿ ನಿಲ್ಲಿಸಲು ಬರುವಂತಿರಲಿಲ್ಲ. ಯಾರನ್ನು ಕೇಳು ಅಂತ? ನನ್ನನ್ನಾ? ಯಾಕೆ? ಒಂದರ ಹಿಂದೊಂದು ಪ್ರಶ್ನೆ ಬಂದು, ಚುಕ್ಕಿ ಮೊದಲ ಪುಟಕ್ಕೇ ಹೋಗಬೇಕಾಯಿತು. ಮೂರು ವಾರದ ವಾಕ್ಯಗಳನ್ನು ಒಂದೊಂದಾಗಿ ಕನ್ನಡಕ್ಕೆ ತಂದು ಹೇಳಿದಳು. ಇಂಗ್ಲಿಷಿನಲ್ಲಿ ಅವು ಯಾರದೋ ಮನೆಯ ಮಾತಿನಂತಿದ್ದವು. ಕನ್ನಡದಲ್ಲಿ ಹೇಳುವಾಗ ಒಂದೊಂದೂ ಈ ಕೋಣೆಯ ಗೋಡೆಗೇ ಬಡಿದು ಬರುತ್ತಿತ್ತು.

ಅಕ್ಕ ಮೊದಲು ನಕ್ಕಳು. ಬಾಯಿಗೆ ಬಟ್ಟೆಯ ತುಂಡು ಒತ್ತಿಕೊಂಡು, ಭುಜ ಕುಣಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಅಯ್ಯೋ ಪಾಪಿ! ಅದಕ್ಕೇ ಪಾತ್ರೆ ತೊಳೆದದ್ದಾ ಇವರು! ನಾನು ಮನೆ ಬಿಟ್ಟು ಹೋಗ್ತೀನಾ? ಮೂರನೇ ಮಹಡೀಗಾ? ನನ್ನ ಮಂಡಿನೋವಿಗಾ? ಇದಕ್ಕೆಲ್ಲ ನಾನೇ ಸಹಿ ಬೇರೆ ಹಾಕಿದ್ದೀನಿ! ಮುಂದೆ ಓದು, ಮುಂದೆ.”

ಚುಕ್ಕಿಗೂ ಸಣ್ಣಗೆ ನಗು ಬಂತು. ಮುಂದೆ ಓದಿದಳು. ಯಂತ್ರವನ್ನು ಓಡಿಸುತ್ತಲೇ ಇರುತ್ತಾಳೆ, ಸೂಜಿಯ ಕೆಳಗೆ ಬಟ್ಟೆ ಇಲ್ಲದಿದ್ದರೂ.

ಅಕ್ಕನ ನಗು ನಿಂತಿತು.

“ಅದೇನದು, ಇನ್ನೊಂದ್ಸಲ ಹೇಳು.”

ಚುಕ್ಕಿ ಇನ್ನೊಂದು ಸಲ ಹೇಳಿದಳು.

“ಇದು ನೀನು ಕಟ್ಟಿದ್ದಾ, ನೋಡಿದ್ದಾ?”

ಕಟ್ಟಿದ್ದು ಎಂದು ಹೇಳಲು ಚುಕ್ಕಿ ಬಾಯಿ ತೆರೆದಳು. ಪುಟದ ಉಳಿದ ವಾಕ್ಯಗಳನ್ನು ಎಲ್ಲಿಂದ ತಂದೆನೆಂದು ಅವಳಿಗೆ ಗೊತ್ತಿತ್ತು. ಕಿಟಕಿ ಲ್ಯಾಬಿನ ಎದುರಿನ ಕಟ್ಟಡದ್ದು, ಮೂರನೇ ಮಹಡಿಯೂ ಅದರದೇ. ಇದನ್ನು ಬರೆಯುವಾಗ ಪೆನ್ನು ಎಲ್ಲೂ ನಿಂತಿರಲಿಲ್ಲ ಎಂಬುದೊಂದೇ ನೆನಪು. ಎಂದೋ ನೀರು ಕುಡಿಯಲು ಎದ್ದು ಬಂದಾಗ ಅಕ್ಕನ ಬೆನ್ನು ಕಂಡಿತ್ತೇ? ಭಾವ ಪೇಪರಿನ ಹಿಂದಿದ್ದರೇ? ಸೂಜಿ ಬರಿಯ ಲೋಹದ ಮೇಲೆ ಟಕಟಕ ಎನ್ನುತ್ತಿತ್ತೇ? ಕಂಡದ್ದರಿಂದ ವಾಕ್ಯ ಬಂತೋ, ವಾಕ್ಯ ಬರೆದ ಮೇಲೆ ಕಂಡ ಹಾಗಾಯಿತೋ, ಎಷ್ಟು ಹುಡುಕಿದರೂ ಕೈಗೆ ಸಿಗಲಿಲ್ಲ.

“ಗೊತ್ತಿಲ್ಲಕ್ಕ,” ಎಂದಳು. “ನಿಜವಾಗ್ಲೂ ಗೊತ್ತಿಲ್ಲ.”

ಅಕ್ಕ ಯಂತ್ರದ ಕಡೆ ನೋಡಿದಳು. ಅದರ ಮೇಲೆ ಯಾರದೋ ಮನೆಯ ನೀಲಿ ಪರದೆ ಅರ್ಧ ಹೊಲಿದು ಬಿಟ್ಟದ್ದು ನೆಲದವರೆಗೆ ಜೋತು ಬಿದ್ದಿತ್ತು.

“ನಾನೇ ಭಾವಂಗೆ ಹೇಳ್ಬಿಡ್ತೀನಿ,” ಚುಕ್ಕಿ ಎದ್ದಳು. ಇಷ್ಟು ದಿನ ಬಾರದ ಧೈರ್ಯ ಈಗ ಎಲ್ಲಿಂದಲೋ ಬಂದಿತ್ತು. “ಈಗ್ಲೇ ಹೇಳ್ತೀನಿ. ಎಲ್ಲಾ ಸುಳ್ಳು ಅಂತ.”

“ಕೂತ್ಕೋ.”

“ಅಕ್ಕ, ನನ್ನಿಂದ ನಿಮ್ಮಿಬ್ಬರಿಗೆ…”

“ಕೂತ್ಕೋ ಅಂದೆ.” ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಏನಿತ್ತು ಎಂದು ಚುಕ್ಕಿಗೆ ತಿಳಿಯಲಿಲ್ಲ. “ಎಲ್ಲಾ ಸುಳ್ಳು ಅಂತ ನೀನು ಹೇಗೆ ಹೇಳ್ತೀಯ? ನಿಂಗೇ ಗೊತ್ತಿಲ್ವಲ್ಲ.”

ಅಕ್ಕ ಕೈಯಲ್ಲಿದ್ದ ಬಟ್ಟೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟಳು. ಕೂದಲು ಬಿಚ್ಚಿ, ಮತ್ತೆ ಗಂಟು ಹಾಕಿಕೊಂಡಳು. ಬಾಲ್ಕನಿಗೆ ಹೋಗಿ, ಹಿಂದಿನಿಂದ ಗಾಜಿನ ಬಾಗಿಲನ್ನು ಎಳೆದುಕೊಂಡಳು.

ಗಾಜಿನ ಆಚೆ ಭಾವ ತಿರುಗಿ ನೋಡಿದರು. ಅವರ ಬಾಯಲ್ಲಿ ಬಟ್ಟೆಯ ಕ್ಲಿಪ್ಪು ಇತ್ತು, ಅದನ್ನು ತೆಗೆದರು. ಅಕ್ಕ ಏನೋ ಹೇಳಿದಳು. ಭಾವ ಒದ್ದೆ ಅಂಗಿಯನ್ನು ಹಿಡಿದುಕೊಂಡೇ, ಬೋರಲು ಹಾಕಿದ್ದ ಬಕೆಟಿನ ಮೇಲೆ ನಿಧಾನವಾಗಿ ಕುಳಿತರು. ಅಂಗಿಯ ನೀರು ಅವರ ಮಂಡಿಯ ಮೇಲೆ ತೊಟ್ಟಿಕ್ಕುತ್ತಿತ್ತು, ಅವರಿಗೆ ಗೊತ್ತಾದಂತಿರಲಿಲ್ಲ. ಅಕ್ಕ ನಿಂತೇ ಇದ್ದಳು. ಒಂದು ಸಲ ನಕ್ಕಳು, ಅಥವಾ ನಕ್ಕ ಹಾಗೆ ಕಂಡಿತು. ಕೆಳಗಿನ ರಸ್ತೆಯಲ್ಲಿ ಯಾವುದೋ ಲಾರಿ ಹಾದು ಗಾಜು ಸಣ್ಣಗೆ ಅದುರಿತು.

ಆಮೇಲೆ ಅಕ್ಕ, ಪೆನ್ಸಿಲಿನ ಆ ಪ್ರಶ್ನೆಗೆ ಲೆಕ್ಕ ಕೊಡುವವಳ ಹಾಗೆ, ಎಡಗೈಯನ್ನು ಮುಂದೆ ಹಿಡಿದು, ಬಲಗೈಯಿಂದ ಕಿರುಬೆರಳನ್ನು ಮಡಿಸಿದಳು. ಏನೋ ಹೇಳಿದಳು. ಭಾವ ತಲೆಯಾಡಿಸಿದರು. ಎರಡನೆಯ ಬೆರಳು ಮಡಿಸಿದಳು. ಭಾವ ನೆಲ ನೋಡಿದರು, ಮತ್ತೆ ತಲೆಯಾಡಿಸಿದರು. ಮೂರನೆಯದಕ್ಕೆ ಅವರೇನೋ ಅಂದರು, ಅಕ್ಕ ಅಲ್ಲವೆಂದು ತಲೆ ಅಲ್ಲಾಡಿಸಿದಳು. ನಾಲ್ಕನೆಯ ಬೆರಳಿಗೆ ಬಂದು ನಿಂತಳು. ಅದನ್ನು ಮಡಿಸಲಿಲ್ಲ, ಬಿಡಲೂ ಇಲ್ಲ. ಹಿಡಿದುಕೊಂಡು ರಸ್ತೆಯ ಕಡೆ ನೋಡುತ್ತ ನಿಂತಳು. ಭಾವ ಬಕೆಟಿನ ಮೇಲೆ ಕುಳಿತು ಮುಖ ಎತ್ತಿ ಆ ಬೆರಳನ್ನೇ ನೋಡುತ್ತಿದ್ದರು.